ಅಧಿಕಾರ ಹೋದ ಮೇಲಿನ ನಾಯಕತ್ವ: ಸ್ಕಾಟ್ಲೆಂಡಿನ ಕುಲನಾಯಕರು ಇಂದು ಮಾಡುವುದೇನು?

(ಮಂಗಳೂರಿನಲ್ಲಿ ಇತಿಹಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2000ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಬೆಟ್ಟಸಾಲೇ ಮಾರಾಟಕ್ಕೆ ಬಂತು. ಸ್ಕೈ ದ್ವೀಪದ ಬ್ಲ್ಯಾಕ್ ಕೂಲಿನ್ ಅದು. ಕಡಿದಾದ ಕಪ್ಪು ಬಂಡೆಯ ಶಿಖರಗಳು; ಬ್ರಿಟನ್ನಿನಲ್ಲಿ ಬೆಟ್ಟ ಹತ್ತುವ ಹವ್ಯಾಸ ಇರುವವರಿಗೆಲ್ಲ ಚಿರಪರಿಚಿತ. ಕೇಳಿದ ಬೆಲೆ ಒಂದು ಕೋಟಿ ಪೌಂಡ್. ಮಾರಲು ಹೊರಟವರು ಜಾನ್ ಮೆಕ್ಲೌಡ್, ಮೆಕ್ಲೌಡ್ ಕುಲದ 29ನೇ ನಾಯಕ. ಅವರ ಮನೆತನ ಸುಮಾರು ಎಂಟುನೂರು ವರ್ಷಗಳಿಂದ ಬಾಳಿಕೊಂಡು ಬಂದ ಡನ್‌ವೇಗನ್ ಕೋಟೆಯ ಚಾವಣಿ ಸೋರುತ್ತಿತ್ತು. ದುರಸ್ತಿಗೆ ಹಣವಿರಲಿಲ್ಲ. ಬೆಟ್ಟ ಮಾರಿ ಕೋಟೆ ಉಳಿಸಿಕೊಳ್ಳುತ್ತೇನೆ ಎಂದರು.

ಮೊದಲು ದ್ವೀಪದಲ್ಲಿ, ಆಮೇಲೆ ದೇಶದ ತುಂಬ ಗದ್ದಲವೆದ್ದಿತು. ಬೆಟ್ಟ ಅವರದು ಹೇಗಾಯಿತು ಎಂದು ಜನ ಕೇಳಿದರು. ರಾಜಮನೆತನದ ಆಸ್ತಿ ನೋಡಿಕೊಳ್ಳುವ ಸಂಸ್ಥೆ ಹಳೆಯ ದಾಖಲೆಗಳನ್ನು ತೆಗೆಸಿ ನೋಡಿತು. ಕೆಲವು ತಿಂಗಳ ಬಳಿಕ, ಮೆಕ್ಲೌಡರ ಹಕ್ಕನ್ನು ತಾನು ಪ್ರಶ್ನಿಸುವುದಿಲ್ಲ ಎಂದಿತು. ಅಲ್ಲಿಗೆ ಕಾಗದದ ಮಟ್ಟಿಗೆ ವಿಷಯ ಮುಗಿಯಿತು. ಆದರೆ ಜನರ ಸಿಟ್ಟು ಇಳಿಯಲಿಲ್ಲ. ಅವರು ಕೇಳುತ್ತಿದ್ದದ್ದು ಕಾಗದದ ಪ್ರಶ್ನೆಯೇ ಆಗಿರಲಿಲ್ಲ. ನೀವು ಆ ಬೆಟ್ಟದ ಒಡೆಯರಾದದ್ದು ನಮ್ಮ ನಾಯಕರಾಗಿದ್ದ ಕಾರಣಕ್ಕೆ. ನಾಯಕರಾಗಿ ಪಡೆದದ್ದನ್ನು ಜಮೀನುದಾರರಾಗಿ ಮಾರಬಹುದೇ? ಇದು ಅವರ ಪ್ರಶ್ನೆ. ಕೊನೆಗೂ ಬೆಟ್ಟ ಮಾರಾಟವಾಗಲಿಲ್ಲ. ಜಾನ್ ಮೆಕ್ಲೌಡ್ 2007ರಲ್ಲಿ ತೀರಿಕೊಂಡರು, ಮಗ ಹ್ಯೂ 30ನೇ ನಾಯಕರಾದರು.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಗೆ ಸೇರಿದ್ದು. ಸ್ಕಾಟ್ಲೆಂಡಿನ ಕುಲನಾಯಕನ ಹತ್ತಿರ ಇಂದು ಸೈನ್ಯವಿಲ್ಲ, ನ್ಯಾಯಾಲಯವಿಲ್ಲ, ಎಷ್ಟೋ ಸಲ ಒಂದು ಎಕರೆ ನೆಲವೂ ಇಲ್ಲ. ಆದರೂ ಆ ಪದವಿ ಇದೆ, ಅದಕ್ಕೆ ಜನರ ಮನಸ್ಸಿನಲ್ಲಿ ಜಾಗವೂ ಇದೆ. ಏಕೆ? ಆ ಪದವಿ ಇಂದು ಒಂದು ಋಣವಾಗಿ ಉಳಿದಿದೆ ಎಂದು ನಾನು ತಿಳಿದಿದ್ದೇನೆ. ಋಣ ತೀರಿಸಲು ಹೊರಟ ನಾಯಕರಿಗೆ ಅರ್ಥವಿದೆ. ಉಳಿದವರ ಪಾಲಿಗೆ ಅದು ಟೋಪಿಯ ಮೇಲಿನ ಗರಿ ಮಾತ್ರ.

ಋಣ ಎಲ್ಲಿಂದ ಬಂತು ಎನ್ನುವುದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡು, ಅದರಾಚೆಯ ದ್ವೀಪಗಳು, ಇವನ್ನು ಹೈಲ್ಯಾಂಡ್ಸ್ ಎನ್ನುತ್ತಾರೆ. ಅಲ್ಲಿ ಕ್ಲ್ಯಾನ್, ನಾನು ಕುಲ ಎನ್ನುತ್ತಿರುವುದು, ಅಂದರೆ ಒಂದು ಹೆಸರಿನ ಅಡಿಯಲ್ಲಿ, ಒಬ್ಬ ನಾಯಕನ ನೆರಳಲ್ಲಿ ಬದುಕುತ್ತಿದ್ದ ಜನಸಮೂಹ. ಎಲ್ಲರೂ ರಕ್ತಸಂಬಂಧಿಗಳಾಗಿದ್ದರು ಎಂದು ತಿಳಿಯಬೇಡಿ. ನಾಯಕನ ನೆಲದಲ್ಲಿ ಬದುಕು ಕಟ್ಟಿಕೊಂಡವರು, ಅವನ ರಕ್ಷಣೆ ಬೇಡಿ ಬಂದವರು, ಹೀಗೆ ಬಹಳಷ್ಟು ಜನ ನಾಯಕನ ಹೆಸರನ್ನೇ ತಮ್ಮದಾಗಿಸಿಕೊಂಡರು. ನಾಯಕ ಅವರ ವ್ಯಾಜ್ಯ ತೀರಿಸುತ್ತಿದ್ದ. ಕೆಲವು ನಾಯಕರಿಗೆ ನೇಣಿಗೇರಿಸುವ ಅಧಿಕಾರವೂ ಇತ್ತು. ಗೇಣಿಯನ್ನು ದವಸ, ದನ, ಬೆಣ್ಣೆಯ ರೂಪದಲ್ಲಿ ಕೊಡುತ್ತಿದ್ದರು, ಕರೆ ಬಂದಾಗ ಕತ್ತಿ ಹಿಡಿದು ಹೊರಡುತ್ತಿದ್ದರು. ಇದಕ್ಕೆ ಪ್ರತಿಯಾಗಿ ಆ ಜನರಿಗೆ ಇದ್ದದ್ದು ಒಂದು ನಂಬಿಕೆ: ತಲೆತಲಾಂತರದಿಂದ ನಾವು ಉತ್ತು ಬಿತ್ತಿ ಬಾಳಿದ ಈ ನೆಲದಿಂದ ನಮ್ಮನ್ನು ಯಾರೂ ಎಬ್ಬಿಸುವಂತಿಲ್ಲ. ಗೇಲಿಕ್ ಭಾಷೆಯಲ್ಲಿ ಇದನ್ನು ದೂಖಸ್ ಎನ್ನುತ್ತಾರೆ. ಯಾವ ಕಾಗದದಲ್ಲೂ ಬರೆಯದ ಹಕ್ಕು ಇದು. ರಾಜನ ಮುದ್ರೆಯ ಕಾಗದ ಇದ್ದದ್ದು ನಾಯಕನ ಪೆಟ್ಟಿಗೆಯಲ್ಲಿ, ಅವನ ಹೆಸರಿನಲ್ಲಿ. ಮುಂದೆ ನಡೆದ ಅನ್ಯಾಯಕ್ಕೆಲ್ಲ ಬೀಜ ಇಲ್ಲಿದೆ.

ನಾಯಕರು ಕೆಟ್ಟದ್ದು 1746ರ ಕಲೋಡನ್ ಯುದ್ಧದ ನಂತರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. 1609ರಲ್ಲೇ ರಾಜ ಆರನೇ ಜೇಮ್ಸ್ ದ್ವೀಪಗಳ ನಾಯಕರನ್ನು ಅಯೋನಾ ಎಂಬಲ್ಲಿ ಸೇರಿಸಿ ಕೆಲವು ಕಟ್ಟಳೆಗಳಿಗೆ ಸಹಿ ಹಾಕಿಸಿಕೊಂಡ. ಅದರಲ್ಲಿ ಒಂದು: 60 ದನ ಇರುವ ಪ್ರತಿಯೊಬ್ಬನೂ ತನ್ನ ಹಿರಿಯ ಮಗುವನ್ನು ದಕ್ಷಿಣದ ಬಯಲುಸೀಮೆಗೆ ಶಾಲೆಗೆ ಕಳಿಸಿ ಇಂಗ್ಲಿಷ್ ಕಲಿಸಬೇಕು. ಮುಂದಿನ ತಲೆಮಾರುಗಳ ನಾಯಕರು ಎಡಿನ್‌ಬರೋದಲ್ಲಿ, ಲಂಡನ್ನಿನಲ್ಲಿ ಮನೆ ಮಾಡಿದರು, ಅಲ್ಲಿನ ಖರ್ಚು ಕಲಿತರು, ಸಾಲ ಮಾಡಿದರು.

ಮೆಕ್ಲೌಡರ ವಿಷಯಕ್ಕೇ ಬರೋಣ. 1739ರಲ್ಲಿ ಸ್ಕೈ ಮತ್ತು ಹ್ಯಾರಿಸ್ ದ್ವೀಪಗಳಿಂದ ಸುಮಾರು ನೂರು ಮಂದಿಯನ್ನು, ಗಂಡಸರು, ಹೆಂಗಸರು, ಮಕ್ಕಳನ್ನು, ಬಲವಂತವಾಗಿ ಹಡಗಿಗೆ ಹತ್ತಿಸಲಾಯಿತು. ಅಮೆರಿಕದ ತೋಟಗಳಿಗೆ ಜೀತದಾಳುಗಳಾಗಿ ಮಾರುವ ಯೋಜನೆ. ಹಡಗು ಐರ್ಲೆಂಡಿನ ಡೊನಘಡೀ ಬಂದರಿನಲ್ಲಿ ತಂಗಿದ್ದಾಗ ಜನ ತಪ್ಪಿಸಿಕೊಂಡರು, ವಿಷಯ ಹೊರಬಿತ್ತು. ಇದರಲ್ಲಿ ಕೈಯಿದೆ ಎಂದು ಜನ ಬೊಟ್ಟು ಮಾಡಿದ್ದು ಇಬ್ಬರು ಕುಲನಾಯಕರತ್ತ: ಮ್ಯಾಕ್‌ಡೊನಾಲ್ಡರ ಸರ್ ಅಲೆಗ್ಸಾಂಡರ್, ಮೆಕ್ಲೌಡರ 22ನೇ ನಾಯಕ ನಾರ್ಮನ್. ಇಬ್ಬರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಕಲೋಡನ್‌ಗೆ ಇನ್ನೂ ಏಳು ವರ್ಷ ಇರುವಾಗಲೇ ಇದು ನಡೆದದ್ದು. ಬಂಧ ಒಳಗಿನಿಂದಲೇ ಹುಳು ಹಿಡಿದಿತ್ತು.

ಕಲೋಡನ್‌ನಲ್ಲಿ, 1746ರ ಏಪ್ರಿಲ್ 16ರಂದು, ಬ್ರಿಟನ್ನಿನ ಸಿಂಹಾಸನ ತನ್ನ ಮನೆತನಕ್ಕೆ ಸೇರಬೇಕೆಂದು, ಹಲವು ಕುಲಗಳನ್ನು ಕಟ್ಟಿಕೊಂಡು ಬಂಡೆದ್ದ ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್‌ನ ಸೈನ್ಯ ಒಂದು ಗಂಟೆಯೊಳಗೆ ಸೋತಿತು. ಗೆದ್ದ ಸರ್ಕಾರ ಕುಲವ್ಯವಸ್ಥೆಯ ಬೆನ್ನುಮೂಳೆ ಮುರಿಯಲು ಕಾನೂನುಗಳನ್ನು ತಂದಿತು. ಆಯುಧ ಇಟ್ಟುಕೊಳ್ಳುವಂತಿಲ್ಲ, ಹೈಲ್ಯಾಂಡ್ ಉಡುಪು ತೊಡುವಂತಿಲ್ಲ; ಉಡುಪಿನ ನಿಷೇಧ 1782ರವರೆಗೂ ಇತ್ತು. ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ವಂಶಪಾರಂಪರ್ಯ ನ್ಯಾಯಾಧಿಕಾರವನ್ನು ರದ್ದುಮಾಡಿದ ಕಾಯ್ದೆ. ನಾಯಕರ ಕೈಯಿಂದ ನ್ಯಾಯಾಲಯ ಕಿತ್ತುಕೊಂಡ ಸರ್ಕಾರ, ಬಂಡಾಯಕ್ಕೆ ಸೇರದವರಿಗೆ ಪರಿಹಾರ ಕೊಟ್ಟಿತು. ಆರ್ಗೈಲ್‌ನ ಡ್ಯೂಕ್, ಅಂದರೆ ಕ್ಯಾಂಪ್‌ಬೆಲ್ ಕುಲದ ನಾಯಕನಿಗೆ ಸಿಕ್ಕಿದ್ದು 21,000 ಪೌಂಡ್. ನಾಯಕನ ಅಧಿಕಾರಕ್ಕೆ ಒಂದು ಬೆಲೆ ಇತ್ತು, ಅದನ್ನು ಸಂದಾಯ ಮಾಡಿದರು. ಆ ಅಧಿಕಾರದ ಇನ್ನೊಂದು ತುದಿಯಲ್ಲಿದ್ದ ಜನರ ಹಕ್ಕು ಕಾಗದದಲ್ಲಿ ಇರಲಿಲ್ಲವಾದ್ದರಿಂದ ಅದಕ್ಕೆ ಬೆಲೆ ಕಟ್ಟುವ ಯೋಚನೆ ಯಾರಿಗೂ ಬರಲಿಲ್ಲ. ಒಪ್ಪಂದದ ಒಂದು ಕಡೆಯವರಿಗೆ ಮಾತ್ರ ಲೆಕ್ಕ ಚುಕ್ತಾ ಆಯಿತು. ನಾನು ಋಣ ಎಂದದ್ದು ಇದನ್ನೇ.

ಈಗ ಈ ಊರಿಗೆ ಸಂಬಂಧಿಸಿದ ಒಂದು ಮಾತು. 1739ರ ಹಡಗಿನ ಪ್ರಕರಣದಲ್ಲಿ ಹೆಸರು ಕೇಳಿಬಂದ ಆ 22ನೇ ನಾಯಕನ ಮೊಮ್ಮಗನ ಹೆಸರೂ ನಾರ್ಮನ್. 23ನೇ ನಾಯಕ. ಅಜ್ಜ ಬಿಟ್ಟುಹೋದ ಸಾಲದ ಹೊರೆ ಹೊತ್ತು, ಹ್ಯಾರಿಸ್ ದ್ವೀಪವನ್ನು 1779ರಲ್ಲಿ ಮಾರಿ, ಸೈನ್ಯ ಸೇರಿ ಹಿಂದುಸ್ತಾನಕ್ಕೆ ಬಂದವನು. ಹೈಲ್ಯಾಂಡ್ ಸೈನಿಕರ 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಅವನ ಕೈಕೆಳಗೆ ಇತ್ತು. 1782ರ ಕೊನೆಗೆ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಎದುರಿಸಿದ. 1783ರ ಮೇ ತಿಂಗಳಿಂದ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೆ ಸಿಕ್ಕಿಬಿದ್ದದ್ದು ಇದೇ ಬೆಟಾಲಿಯನ್, ಇನ್ನೊಬ್ಬ ಸ್ಕಾಟ್ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್‌ನ ನಾಯಕತ್ವದಲ್ಲಿ. ಆ ವರ್ಷದ ಕೊನೆಗೆ ಹಡಗುಗಳಲ್ಲಿ ದಿನಸಿ ತುಂಬಿಕೊಂಡು ಈ ಕಡಲಿಗೆ ಬಂದು ಟಿಪ್ಪುವಿನ ಕಡೆಯವರ ಜೊತೆ ಮಾತುಕತೆ ನಡೆಸಿದವನು ಜನರಲ್ ನಾರ್ಮನ್ ಮೆಕ್ಲೌಡ್, ಡನ್‌ವೇಗನ್ ಕೋಟೆಯ ಒಡೆಯ. ಹಸಿವು, ರೋಗಗಳಿಂದ ಸೊರಗಿದ್ದ ಕೋಟೆ 1784ರ ಜನವರಿಯಲ್ಲಿ ಶರಣಾಯಿತು. ಮಾರ್ಚ್ 11ರಂದು ಆದ ಮಂಗಳೂರು ಒಪ್ಪಂದ ನಿಮಗೆಲ್ಲ ಗೊತ್ತಿರುವುದೇ. ಆ ಬೆಟಾಲಿಯನ್ ಮುಂದೆ 73ನೇ ರೆಜಿಮೆಂಟ್ ಆಯಿತು. ಅದರ ಗೌರವಪಟ್ಟಿಯಲ್ಲಿ ‘ಮಂಗಳೂರು’ ಎಂಬ ಹೆಸರು ಸೇರಿತು.

ಈ ಪ್ರಸಂಗವನ್ನು ನಾನು ಹೇಳುವುದು ನಮ್ಮ ಊರಿನ ಹೆಸರು ಬಂತೆಂಬ ಹಿಗ್ಗಿಗಲ್ಲ. ಹಿಂದೆ ನಾಯಕ ಕರೆದಾಗ ಜನ ಅವನ ನೆಲಕ್ಕಾಗಿ, ತಮ್ಮ ನೆಲಕ್ಕಾಗಿ ಹೊರಡುತ್ತಿದ್ದರು. ಈಗ ಅದೇ ಗುಡ್ಡಗಾಡಿನ ಹುಡುಗರು ಸಂಬಳದ ಸೈನಿಕರಾಗಿ ಇಲ್ಲಿಗೆ ಬಂದು, ತಮಗೆ ಏನೇನೂ ಸಂಬಂಧವಿಲ್ಲದ ಒಂದು ಕೋಟೆಯಲ್ಲಿ ಸತ್ತರು. ನಾಯಕ ಸಾಲ ತೀರಿಸಿಕೊಳ್ಳಲು ಬಂದಿದ್ದ. ಕುಲ ಎಂಬುದು ಎಷ್ಟು ಬದಲಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ಆ ಮೇಲಿನ ನೂರು ವರ್ಷಗಳ ಕಥೆ ದುಃಖದ್ದು. ಕುರಿ ಸಾಕುವವರು ಕೊಡುವ ಗೇಣಿ ಒಕ್ಕಲುಗಳ ಗೇಣಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಗೊತ್ತಾದ ಮೇಲೆ ಜನರನ್ನು ಕಣಿವೆಗಳಿಂದ ಎಬ್ಬಿಸಿದರು. 1814ರಲ್ಲಿ ಸದರ್‌ಲ್ಯಾಂಡಿನ ಸ್ಟ್ರಾತ್‌ನೇವರ್‌ನಲ್ಲಿ ಮನೆಗಳ ತೊಲೆಗಳಿಗೆ ಬೆಂಕಿ ಹಚ್ಚಿದರು, ಜನ ಮತ್ತೆ ಬಂದು ಮಾಡು ಹೊದಿಸಬಾರದೆಂದು. ಮರವೇ ಅಪರೂಪವಾದ ಆ ಸೀಮೆಯಲ್ಲಿ ಬಡವನ ಮನೆಯ ಅತ್ಯಂತ ಬೆಲೆಬಾಳುವ ವಸ್ತುವೆಂದರೆ ಆ ತೊಲೆಯೇ. ಬೆಂಕಿ ಹಚ್ಚಿಸಿದ ಆರೋಪ ಹೊತ್ತ ಪ್ಯಾಟ್ರಿಕ್ ಸೆಲ್ಲರ್‌ನ ವಿಚಾರಣೆ 1816ರಲ್ಲಿ ನಡೆದು ಅವನು ಖುಲಾಸೆಯಾದ. ಇದಾದ ಆರು ವರ್ಷಕ್ಕೆ, 1822ರಲ್ಲಿ, ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕುಲನಾಯಕರು ಟಾರ್ಟನ್ ಪಟ್ಟೆಯ ಉಡುಪು ತೊಟ್ಟು, ಬಾಲಂಗೋಚಿಗಳನ್ನು ಕರೆದುಕೊಂಡು ಮೆರವಣಿಗೆ ಬಂದರು. ಇಂದು ನಾವು ಚಿತ್ರಗಳಲ್ಲಿ ನೋಡುವ ಕುಲನಾಯಕನ ವೇಷ ಗಟ್ಟಿಯಾದದ್ದು ಆ ದಿನಗಳಲ್ಲಿ. ಅತ್ತ ಕಣಿವೆಗಳು ಖಾಲಿಯಾಗುತ್ತಿದ್ದವು.

ಎಲ್ಲ ನಾಯಕರೂ ಹೀಗೇ ಇದ್ದರೇ? ಇಲ್ಲ. 1846ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಂದಾಗ ಮೆಕ್ಲೌಡರ 25ನೇ ನಾಯಕ, ಅವನೂ ನಾರ್ಮನ್, ಸಾವಿರಾರು ಜನರಿಗೆ ತನ್ನ ಹಣದಿಂದ ಧಾನ್ಯ ತರಿಸಿ ಹಂಚಿದ. ಅದರಿಂದಲೇ ದಿವಾಳಿಯಾದ. ಕೋಟೆಯನ್ನು ಬಾಡಿಗೆಗೆ ಕೊಟ್ಟು ಲಂಡನ್ನಿಗೆ ಹೋಗಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ದುಡಿದ. ಅಜ್ಜ ಮಂಗಳೂರಿನ ಕಡಲಲ್ಲಿ ಜನರಲ್, ಮೊಮ್ಮಗ ಲಂಡನ್ನಿನಲ್ಲಿ ಗುಮಾಸ್ತ. ಇವರಿಬ್ಬರಲ್ಲಿ ಯಾರು ನಾಯಕ ಎಂದು ಕೇಳಿದರೆ ನನ್ನ ಉತ್ತರದಲ್ಲಿ ಅನುಮಾನವೇ ಇಲ್ಲ.

ಇನ್ನು ಇವತ್ತಿನ ಮಾತು.

ಇಂದು ಒಬ್ಬರು ಕುಲನಾಯಕರೆಂದು ಮಾನ್ಯತೆ ಪಡೆಯುವುದು ಹೇಗೆ? ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿ ಇದ್ದಾರೆ. ವಂಶಲಾಂಛನಗಳ ವಿಷಯದಲ್ಲಿ ಸ್ಕಾಟ್ಲೆಂಡಿಗೆ ಅವರೇ ನ್ಯಾಯಾಧೀಶರು. ಅವರದು ಹೆಸರಿಗಷ್ಟೇ ಇರುವ ನ್ಯಾಯಾಲಯವಲ್ಲ, ಲಾಂಛನವನ್ನು ಕದ್ದು ಬಳಸಿದವರಿಗೆ ದಂಡ ಹಾಕಬಲ್ಲ ನ್ಯಾಯಾಲಯ. ಕುಲದ ಮೂಲ ಲಾಂಛನ, ಯಾವ ಬದಲಾವಣೆಯೂ ಇಲ್ಲದ್ದು, ಯಾರಿಗೆ ಸೇರಬೇಕೆಂದು ಅವರು ತೀರ್ಮಾನಿಸುತ್ತಾರೆ; ಅದು ಯಾರಿಗೆ ಸೇರಿತೋ ಅವರೇ ನಾಯಕರು. ನಾಯಕತ್ವ ಎಂಬುದನ್ನೇ ನೇರವಾಗಿ ಕೊಡುವ, ಕಿತ್ತುಕೊಳ್ಳುವ ಅಧಿಕಾರ ಅವರಿಗಿಲ್ಲ ಎಂದು ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯ ಮೆಕ್ಲೀನ್ ಕುಲದ ಒಂದು ವ್ಯಾಜ್ಯದಲ್ಲಿ 1941ರಲ್ಲಿ ಹೇಳಿತ್ತು. ಆದ್ದರಿಂದ ದಾರಿ ಲಾಂಛನದ ಮೂಲಕವೇ.

ಹೆಣ್ಣುಮಕ್ಕಳು ನಾಯಕರಾಗಬಹುದು, ಆಗಿದ್ದಾರೆ. ಆದರೆ ಕುಲದ ಹೆಸರು ಇಟ್ಟುಕೊಳ್ಳಲೇಬೇಕು. ಮೊದಲು ಹೇಳಿದ ಜಾನ್ ಮೆಕ್ಲೌಡ್ ಹುಟ್ಟಿದಾಗ ಅವರ ಮನೆಹೆಸರು ವೊಲ್‌ರಿಜ್ ಗಾರ್ಡನ್. ನಾಯಕತ್ವ ಬಂದದ್ದು ತಾಯಿಯ ಕಡೆಯಿಂದ, ಅಜ್ಜಿಯಿಂದ. ಅದಕ್ಕಾಗಿ ಹೆಸರು ಬದಲಿಸಿಕೊಂಡರು.

ಎಷ್ಟೋ ಕುಲಗಳಿಗೆ ನಾಯಕನೇ ಇಲ್ಲ, ವಂಶ ನಿಂತುಹೋಗಿರುತ್ತದೆ. ಅಂಥ ಕಡೆ ಲಾರ್ಡ್ ಲಯನ್ ಅವರ ಮೇಲ್ವಿಚಾರಣೆಯಲ್ಲಿ ಕುಲದವರ ಸಭೆ ಸೇರಿ ಒಬ್ಬರನ್ನು ಸೂಚಿಸಬಹುದು. ಬ್ಯೂಕ್ಯಾನನ್ ಕುಲದ ಕೊನೆಯ ನಾಯಕ ತೀರಿಕೊಂಡು 337 ವರ್ಷಗಳ ಬಳಿಕ, 2018ರಲ್ಲಿ, ವಂಶಾವಳಿ ಹುಡುಕಿ ಸಾಬೀತುಪಡಿಸಿದ ಮೇಲೆ ಅವರಿಗೆ ಮತ್ತೆ ನಾಯಕ ಸಿಕ್ಕಿದರು. 2022ರ ಅಕ್ಟೋಬರಿನಲ್ಲಿ ಕ್ಯಾಲಂಡರ್ ಪಟ್ಟಣದ ಬಳಿ ಪಟ್ಟವಾಯಿತು. ಹೊರದೇಶಗಳಿಂದ ಕುಲದವರು ಬಂದಿದ್ದರು. ಯಾವ ಲಾಭವೂ ಇಲ್ಲದ ಒಂದು ಪದವಿಗಾಗಿ ಮೂರು ಶತಮಾನ ಕಾದ ಜನ. ಅದನ್ನು ತಮಾಷೆಯಾಗಿ ನೋಡಲು ನನ್ನಿಂದಾಗದು.

ಗರಿಯ ವಿಷಯ ಹೇಳಿದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾಯಕ ಮತ್ತು ಜನರ ಸಂಬಂಧ ಅಲ್ಲಿ ಕಣ್ಣಿಗೆ ಕಾಣುತ್ತದೆ. ಕುಲದ ಸಮಾರಂಭಗಳಲ್ಲಿ ನಾಯಕರು ತೊಡುವ ಟೋಪಿಯಲ್ಲಿ ಮೂರು ಹದ್ದಿನ ಗರಿ ಇರುತ್ತದೆ. ಕವಲಿನ ಮುಖಂಡರಿಗೆ ಎರಡು, ಸ್ವಂತ ಲಾಂಛನ ಪಡೆದವರಿಗೆ ಒಂದು. ಸಾಮಾನ್ಯ ಸದಸ್ಯರಿಗೆ ಗರಿಯಿಲ್ಲ, ಒಂದು ಬೆಳ್ಳಿ ಬಿಲ್ಲೆ. ಬಿಲ್ಲೆಯ ನಡುವೆ ನಾಯಕರ ಲಾಂಛನದ ಮುಡಿ, ಅಂದರೆ ಲಾಂಛನದ ನೆತ್ತಿಯಲ್ಲಿರುವ ಚಿಹ್ನೆ. ಅದರ ಸುತ್ತ ಬಕಲ್ ಹಾಕಿದ ಒಂದು ಚರ್ಮದ ಪಟ್ಟಿಯ ಆಕಾರ, ಅದರ ಮೇಲೆ ಕುಲದ ಧ್ಯೇಯವಾಕ್ಯ. ಆ ಮುಡಿ ಸದಸ್ಯರದಲ್ಲ, ನಾಯಕರದು. ಪಟ್ಟಿ ಇರುವುದೇ ‘ನಾನು ಇದರ ಒಡೆಯನಲ್ಲ, ಇದರ ಒಡೆಯರ ಕಡೆಯವನು’ ಎಂದು ಹೇಳಲು. ಕೆನಡಾದ ನೋವಾ ಸ್ಕೋಶಿಯಾದಲ್ಲೋ ನ್ಯೂಜಿಲೆಂಡಿನಲ್ಲೋ ಹುಟ್ಟಿ, ಸ್ಕೈ ದ್ವೀಪವನ್ನು ಒಮ್ಮೆಯೂ ನೋಡದ ಒಬ್ಬಾಕೆ ಆ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡಾಗ ಅವಳು ಹಿಡಿದಿರುವುದು ಒಂದು ದಾರದ ತುದಿ. ಇನ್ನೊಂದು ತುದಿಯಲ್ಲಿ ಯಾರಾದರೂ ಇರಲೇಬೇಕಲ್ಲವೇ? ಕುಲನಾಯಕನ ಇಂದಿನ ಕೆಲಸದ ಬಹುಪಾಲು ಆ ತುದಿಯಲ್ಲಿ ಇರುವುದು.

ಇದನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡವರು ಡೇಮ್ ಫ್ಲೋರಾ ಮೆಕ್ಲೌಡ್, 28ನೇ ನಾಯಕಿ, ಜಾನ್ ಅವರ ಅಜ್ಜಿ. ಹುಟ್ಟಿದ್ದು 1878ರಲ್ಲಿ, ಲಂಡನ್ನಿನ 11, ಡೌನಿಂಗ್ ಸ್ಟ್ರೀಟ್‌ನಲ್ಲಿ. ತಾಯಿಯ ತಂದೆ ಆಗ ಹಣಕಾಸು ಸಚಿವ. 1935ರಲ್ಲಿ ತಂದೆ ತೀರಿಕೊಂಡಾಗ ನಾಯಕತ್ವ ಬಂತು. ಎಪ್ಪತ್ತು ದಾಟಿದ ಮೇಲೆ ಅವರು ಪ್ರಯಾಣ ಶುರು ಮಾಡಿದರು: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಹೋದಲ್ಲೆಲ್ಲ ಮೆಕ್ಲೌಡ್ ಹೆಸರಿನವರನ್ನು ಹುಡುಕಿ ಸಂಘ ಕಟ್ಟಿದರು. 1956ರಲ್ಲಿ ಡನ್‌ವೇಗನ್‌ನಲ್ಲಿ ಮೊದಲ ಕುಲಸಂಸತ್ತು ಸೇರಿತು, ಅದು ಇಂದಿಗೂ ಸೇರುತ್ತದೆ. ನೂರಾರು ವರ್ಷ ಹಿಂದೆ ಹಡಗು ಹತ್ತಿ ಹೋದವರ ಮರಿಮಕ್ಕಳು ಹೊರಟುಹೋದ ಮನೆಯ ಬಾಗಿಲು ತೆರೆದಿದೆ ಎಂದು ತಿಳಿದು ವಾಪಸು ಬಂದರು. 1976ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಆ ಬಾಗಿಲಲ್ಲೇ ನಿಂತಿದ್ದರು ಎನ್ನಬೇಕು.

ಉಳಿದ ದಿನನಿತ್ಯದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಹೈಲ್ಯಾಂಡ್ ಕ್ರೀಡಾಕೂಟಗಳಲ್ಲಿ ಅಧ್ಯಕ್ಷತೆ, ಕುಲಸಂಘಗಳ ಪೋಷಕತ್ವ, ಮ್ಯೂಸಿಯಂ, ಹಳೆಯ ಕಾಗದಪತ್ರಗಳ ಜೋಪಾನ, ವಂಶಾವಳಿ ಹುಡುಕುವವರ ಪತ್ರಗಳಿಗೆ ಉತ್ತರ. ಅಮೆರಿಕದ ಉತ್ತರ ಕ್ಯಾರೊಲಿನಾದ ಗ್ರ್ಯಾಂಡ್‌ಫಾದರ್ ಮೌಂಟನ್‌ನಲ್ಲಿ 1956ರಿಂದ ನಡೆಯುತ್ತಿರುವಂಥ ಕೂಟಗಳಿಗೆ ನಾಯಕರನ್ನು ಅತಿಥಿಗಳಾಗಿ ಕರೆಯುತ್ತಾರೆ. 1952ರಲ್ಲಿ ಸ್ಥಾಪನೆಯಾದ ಕುಲನಾಯಕರ ಸ್ಥಾಯೀ ಮಂಡಳಿಯೂ ಇದೆ. 2009ರಲ್ಲಿ ಎಡಿನ್‌ಬರೋದಲ್ಲಿ ನಡೆದ ದೊಡ್ಡ ಕುಲಸಮ್ಮೇಳನಕ್ಕೆ ಸುಮಾರು 47,000 ಜನ ಬಂದಿದ್ದರು. ಜನ ಬಂದರೂ ಅದನ್ನು ನಡೆಸಿದ ಕಂಪನಿ ಸಾಲದಲ್ಲಿ ಮುಳುಗಿತು.

ಸಭೆಯಲ್ಲಿ ಒಬ್ಬರು ನಡುವೆ ಎದ್ದು, “ಇವರಿಗೆಲ್ಲ ಸರ್ಕಾರದಿಂದ ಗೌರವಧನ ಏನಾದರೂ ಇದೆಯೇ ಸಾರ್?” ಎಂದು ಕೇಳಿದರು. ಇಲ್ಲ. ಒಂದು ಪೌಂಡ್ ಕೂಡ ಇಲ್ಲ. ನಾಯಕರಲ್ಲಿ ರೈತರಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಸೈನಿಕರಿದ್ದಾರೆ. ಕ್ಯಾಮರಾನ್ ಕುಲದ ಈಗಿನ ನಾಯಕ ಡೊನಾಲ್ಡ್ ಕ್ಯಾಮರಾನ್ 2016ರಿಂದ 2024ರವರೆಗೆ ಸ್ಕಾಟಿಷ್ ಸಂಸತ್ತಿನ ಸದಸ್ಯರಾಗಿದ್ದವರು. ಅಲ್ಲಿಗೆ ಅವರನ್ನು ಕಳಿಸಿದ್ದು ಪಕ್ಷಕ್ಕೆ ಬಿದ್ದ ಮತಗಳು, ಕುಲದ ಹೆಸರಲ್ಲ. ಕೋಟೆ ಇರುವವರು ಟಿಕೆಟ್ ಮಾರಿ, ಮದುವೆಗಳಿಗೆ ಬಾಡಿಗೆ ಕೊಟ್ಟು ಖರ್ಚು ತೂಗಿಸುತ್ತಾರೆ. ಕೆಲವೆಡೆ ನಾಯಕನ ಕೈತಪ್ಪಿದ್ದನ್ನು ಜನರೇ ಉಳಿಸಿಕೊಂಡದ್ದೂ ಇದೆ. ಪಾಳುಬೀಳುತ್ತಿದ್ದ ಮೆಂಜೀಸ್ ಕೋಟೆಯನ್ನು 1957ರಲ್ಲಿ ಕೊಂಡದ್ದು ಕುಲದ ಸಂಘ. ಸ್ಕೈ ದ್ವೀಪದಲ್ಲಿ ಲಾರ್ಡ್ ಮ್ಯಾಕ್‌ಡೊನಾಲ್ಡರ ಆಸ್ತಿ ತೆರಿಗೆಯ ಹೊರೆಯಿಂದ ಮಾರಾಟಕ್ಕೆ ಬಂದಾಗ, 1971ರಲ್ಲಿ, ಜಗತ್ತಿನಾದ್ಯಂತದ ಮ್ಯಾಕ್‌ಡೊನಾಲ್ಡರು ಹಣ ಹಾಕಿ ಟ್ರಸ್ಟ್ ಮಾಡಿ ಸುಮಾರು 20,000 ಎಕರೆ ಕೊಂಡರು. ನಾಯಕನ ನೆಲದಿಂದ ಹೊರಹಾಕಲ್ಪಟ್ಟವರ ಮೊಮ್ಮಕ್ಕಳು ನಾಯಕನ ನೆಲ ಕೊಂಡದ್ದು! ಇದರಲ್ಲಿ ಇರುವ ದೊಡ್ಡತನ ನಾಯಕರದಲ್ಲ, ಜನರದು.

ಇನ್ನೊಬ್ಬರ ಪ್ರಶ್ನೆ ತುಸು ಖಾರವಾಗಿತ್ತು: ಪ್ರಜಾಪ್ರಭುತ್ವದಲ್ಲಿ ಹುಟ್ಟಿನಿಂದ ಬರುವ ನಾಯಕತ್ವ ಯಾಕೆ ಬೇಕು? ಸ್ಕಾಟ್ಲೆಂಡಿನಲ್ಲೂ ಬಹಳ ಜನ ಇದನ್ನೇ ಕೇಳುತ್ತಾರೆ. ಅಲ್ಲಿ ಖಾಸಗಿ ನೆಲದ ಅರ್ಧದಷ್ಟು ಐನೂರಕ್ಕಿಂತ ಕಡಿಮೆ ಒಡೆಯರ ಕೈಯಲ್ಲಿದೆ ಎಂಬ ಅಂದಾಜು ಇದೆ, ಅವರಲ್ಲಿ ಕೆಲವರು ಕುಲನಾಯಕರು. ಆದ್ದರಿಂದ ಸಿಟ್ಟಿಗೆ ಕಾರಣವಿದೆ. ಆ ನಾಯಕರು ನೆಲವನ್ನು ತಮ್ಮದೆಂದು ಇಟ್ಟುಕೊಂಡು ಜನರನ್ನು ಹಬ್ಬದ ದಿನ ಮಾತ್ರ ತಮ್ಮವರೆನ್ನುವುದಾದರೆ ಅಂಥ ನಾಯಕತ್ವವನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. ಆದರೆ ಬೇರೆ ದಾರಿಯೂ ಇದೆ. ಅದನ್ನು ತೋರಿಸಲು ನಿಮ್ಮನ್ನು ಬಾರಾ ದ್ವೀಪಕ್ಕೆ ಕರೆದುಕೊಂಡು ಹೋಗಬೇಕು.

ಬಾರಾ ಸ್ಕಾಟ್ಲೆಂಡಿನ ಪಶ್ಚಿಮದ ತುದಿಯಲ್ಲಿರುವ ಪುಟ್ಟ ದ್ವೀಪ. ಅದರ ಮುಖ್ಯ ಊರು ಕ್ಯಾಸಲ್‌ಬೇ. ಊರ ಮುಂದಿನ ಕೊಲ್ಲಿಯಲ್ಲಿ, ನೀರಿನ ನಡುವೆ, ಒಂದು ಬಂಡೆಯನ್ನು ಪೂರ್ತಿ ಆವರಿಸಿಕೊಂಡು ಕಿಸಿಮುಲ್ ಕೋಟೆ ನಿಂತಿದೆ. ಗೋಡೆ ಬಂಡೆಯ ಅಂಚಿನಿಂದಲೇ ಏಳುತ್ತದೆ, ದೋಣಿಯಲ್ಲೇ ಹೋಗಬೇಕು. ಮ್ಯಾಕ್‌ನೀಲ್ ಕುಲನಾಯಕರ ಮನೆ ಅದು. ಹಿಂದೆ ನಾಯಕನ ಊಟ ಮುಗಿದ ಮೇಲೆ ಕೋಟೆಯ ಮೇಲಿಂದ ಒಬ್ಬ ಕೊಂಬು ಊದಿ, ಬಾರಾದ ಮ್ಯಾಕ್‌ನೀಲ್ ಉಂಡಾಯಿತು, ಇನ್ನು ಜಗತ್ತಿನ ರಾಜರು ಉಣ್ಣಬಹುದು ಎಂದು ಸಾರುತ್ತಿದ್ದನೆಂದು ಐತಿಹ್ಯ. ಅಂಥ ಮನೆತನದ ಜನರಲ್ ರೋಡರಿಕ್ ಮ್ಯಾಕ್‌ನೀಲ್ ಸಾಲದಲ್ಲಿ ಮುಳುಗಿ 1838ರಲ್ಲಿ ದ್ವೀಪವನ್ನು ಕಳೆದುಕೊಂಡ. ಅದು ಗಾರ್ಡನ್ ಆಫ್ ಕ್ಲೂನಿ ಎಂಬ ಶ್ರೀಮಂತನ ಕೈಸೇರಿತು. 1851ರಲ್ಲಿ ಬಾರಾ ಮತ್ತು ನೆರೆಯ ದ್ವೀಪಗಳಿಂದ ಸುಮಾರು 1,700 ಜನರನ್ನು ಅವನು ಕೆನಡಾಕ್ಕೆ ಸಾಗಹಾಕಿದ. ಆಗಸ್ಟ್‌ನಲ್ಲಿ ಲಾಕ್‌ಬಾಯ್ಸ್‌ಡೇಲ್‌ನಲ್ಲಿ ಓಡಿಹೋಗಲು ಯತ್ನಿಸಿದವರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ಹಡಗಿಗೆ ಹತ್ತಿಸಿದರು. ಅವರಲ್ಲಿ ಹೆಚ್ಚಿನವರು ಉಟ್ಟ ಬಟ್ಟೆಯಲ್ಲೇ ಕೆನಡಾದ ದಡ ಸೇರಿದರು.

ಸುಮಾರು ನೂರು ವರ್ಷದ ಬಳಿಕ, 1937ರಲ್ಲಿ, ಅಮೆರಿಕದಲ್ಲಿ ಹುಟ್ಟಿ ಬೆಳೆದ ವಾಸ್ತುಶಿಲ್ಪಿ ರಾಬರ್ಟ್ ಲಿಸ್ಟರ್ ಮ್ಯಾಕ್‌ನೀಲ್, ಕುಲದ ಮಾನ್ಯ ನಾಯಕ, ದ್ವೀಪದ ಬಹುಭಾಗವನ್ನೂ ಪಾಳುಬಿದ್ದ ಕೋಟೆಯನ್ನೂ ಮರಳಿ ಕೊಂಡರು. ಕೋಟೆಯನ್ನು ಕಲ್ಲು ಕಲ್ಲಾಗಿ ಮತ್ತೆ ಕಟ್ಟಿಸಿದರು. ಆ ಕೆಲಸ ಮುಗಿದ 1970ರಲ್ಲೇ ಅವರು ತೀರಿಕೊಂಡರು. ನಂತರ ಬಂದವರು ಮಗ ಇಯಾನ್ ರೋಡರಿಕ್ ಮ್ಯಾಕ್‌ನೀಲ್. ಕಾನೂನು ಓದಿದವರಿಗೆ ಈ ಹೆಸರು ಗೊತ್ತಿರಬಹುದು. ಕಾರ್ನೆಲ್ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಿದ್ದವರು, ಕರಾರು ಕಾಯ್ದೆಯಲ್ಲಿ ದೊಡ್ಡ ವಿದ್ವಾಂಸರು. ಕರಾರು ಎಂದರೆ ಒಂದು ಸಲದ ಕೊಡು-ಕೊಳ್ಳುವಿಕೆ ಮಾತ್ರವಲ್ಲ, ಅದರ ಹಿಂದೆ ಮುಂದೆ ದೀರ್ಘಕಾಲದ ಸಂಬಂಧವೊಂದು ಇರುತ್ತದೆ, ಆ ಸಂಬಂಧವನ್ನು ಬಿಟ್ಟು ಕರಾರನ್ನು ಅರ್ಥಮಾಡಿಕೊಳ್ಳಲಾಗದು ಎಂಬುದು ಅವರ ಜೀವಮಾನದ ವಾದ. ಹೈಲ್ಯಾಂಡಿನ ನೆಲದ ಕಥೆಗೆ ಇದಕ್ಕಿಂತ ಹತ್ತಿರದ ವಾದ ಇನ್ನೊಂದಿಲ್ಲ. ಬರೆದಿಟ್ಟ ಕಾಗದ ಒಂದು ಕಡೆ, ಬರೆಯದ ಸಂಬಂಧ ಇನ್ನೊಂದು ಕಡೆ.

ಇಯಾನ್ ಮ್ಯಾಕ್‌ನೀಲ್ ತಮ್ಮ ಮಾತಿನಂತೆ ನಡೆದರು. 2000ದಲ್ಲಿ ಕಿಸಿಮುಲ್ ಕೋಟೆಯನ್ನು ಸರ್ಕಾರದ ಪುರಾತತ್ವ ಸಂಸ್ಥೆಗೆ ಸಾವಿರ ವರ್ಷಗಳ ಗೇಣಿಗೆ ಕೊಟ್ಟರು. ವರ್ಷದ ಗೇಣಿ ಒಂದು ಪೌಂಡ್ ಮತ್ತು ಒಂದು ಬಾಟಲಿ ವಿಸ್ಕಿ. ನೆನಪಿಡಿ, ಸ್ಕೈ ದ್ವೀಪದಲ್ಲಿ ಬೆಟ್ಟ ಮಾರಾಟಕ್ಕೆ ಬಂದದ್ದೂ ಅದೇ ವರ್ಷ. ಜಾನ್ ಮೆಕ್ಲೌಡರನ್ನು ನಾನು ಹೀಗಳೆಯುವುದಿಲ್ಲ. ಸೋರುವ ಕೋಟೆಯ ಖರ್ಚು ಸಣ್ಣದಲ್ಲ, ಕೋಟೆಗೆ ಬರುವ ಹಣ ಕೊಟ್ಟರೆ ಬೆಟ್ಟವನ್ನು ಸಾರ್ವಜನಿಕರಿಗೇ ಬಿಟ್ಟುಕೊಡುತ್ತೇನೆಂದು ಮುಂದೆ ಅವರೂ ಹೇಳಿದ್ದರು. ಆದರೂ ಇಬ್ಬರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಬ್ಬರು ಕೋಟೆಗಾಗಿ ಬೆಟ್ಟಕ್ಕೆ ಬೆಲೆ ಹೇಳಿದರು. ಇನ್ನೊಬ್ಬರು ಕೋಟೆಯನ್ನೂ ಕೊಟ್ಟು, ಆಮೇಲೆ ನೆಲವನ್ನೂ ಕೊಟ್ಟರು.

ಹೌದು, ನೆಲವನ್ನೂ. 2004ರಲ್ಲಿ ಬಾರಾದ ತಮ್ಮ ಸುಮಾರು 9,000 ಎಕರೆಯನ್ನು, ಅಂದರೆ ಸಣ್ಣ ಹಿಡುವಳಿದಾರರು ಸಾಗುವಳಿ ಮಾಡುವ ಆ ಇಡೀ ಆಸ್ತಿಯನ್ನು, ಅವರು ಸ್ಕಾಟಿಷ್ ಸರ್ಕಾರಕ್ಕೆ ಉಚಿತವಾಗಿ ಒಪ್ಪಿಸಿದರು. ಜೊತೆಗೆ ಒಂದು ತಿಳುವಳಿಕೆ: ದ್ವೀಪದ ಜನ ತಾವೇ ನೋಡಿಕೊಳ್ಳುತ್ತೇವೆ ಎಂದು ಕೇಳಿದ ದಿನ ನೆಲವನ್ನು ಅವರ ಸಮುದಾಯಕ್ಕೆ ವರ್ಗಾಯಿಸಬೇಕು. ಅವಸರ ಮಾಡಲಿಲ್ಲ, ಜನರ ಮೇಲೆ ಹೇರಲೂ ಇಲ್ಲ. ಕೇಳುವ ಹಕ್ಕನ್ನು ಅವರ ಕೈಗೆ ಕೊಟ್ಟರು. ತಲೆಮಾರುಗಳ ಕಾಲ ನಾಯಕನ ಕಾಗದದಲ್ಲಿ ಇಲ್ಲದೆ ಹೋಗಿದ್ದ ಜನರ ಹಕ್ಕು ಒಂದು ಒಪ್ಪಂದದೊಳಗೆ ಬಂತು. ಅದನ್ನು ಒಳಗೆ ತಂದವರು ಕುಲನಾಯಕರು ಎಂಬುದು ನನಗೆ ಬಹಳ ಮುಖ್ಯ. ಸರ್ಕಾರ ಕಿತ್ತುಕೊಂಡು ಕೊಡಿಸಿದ್ದರೆ ನೆಲವಷ್ಟೇ ಸಿಗುತ್ತಿತ್ತು. ನಾಯಕರೇ ಕೊಟ್ಟದ್ದರಿಂದ 1838ರಲ್ಲಿ ತಮ್ಮ ಮನೆತನ ಕೈಬಿಟ್ಟ ಜನರಿಗೆ ಅವರು ಉತ್ತರ ಹೇಳಿದಂತಾಯಿತು.

ಇಯಾನ್ ಮ್ಯಾಕ್‌ನೀಲ್ 2010ರಲ್ಲಿ ತೀರಿಕೊಂಡರು. ಮಗ ರೋರಿ ಈಗ ಕುಲದ ನಾಯಕರು. ಅವರಿಗೆ ತಂದೆಯಿಂದ ದ್ವೀಪದ ಆ ನೆಲ ಬರಲಿಲ್ಲ, ಬಂದದ್ದು ಹೆಸರು, ಲಾಂಛನ, ಕೆನಡಾ ಅಮೆರಿಕಗಳಲ್ಲಿ ಹರಡಿಕೊಂಡ ಜನ, ಮತ್ತು ಅವರ ಪತ್ರಗಳಿಗೆ ಉತ್ತರಿಸುವ ಕೆಲಸ.